ಜಗಳದ ನಡುವೆ ಇಪ್ಪತ್ತು ನಿಮಿಷ

ಅಮೆರಿಕದ ಸಿಯಾಟಲ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಜಾನ್ ಗಾಟ್‌ಮನ್ ಎಂಬ ಮನೋವಿಜ್ಞಾನಿ ಗಂಡ ಹೆಂಡತಿಯರನ್ನು ಪ್ರಯೋಗಾಲಯಕ್ಕೆ ಕರೆಸಿ ಜಗಳವಾಡಲು ಬಿಡುತ್ತಿದ್ದರು. ಇಬ್ಬರ ಮೈಗೂ ತಂತಿ ಅಂಟಿಸಿ ಎದೆಬಡಿತ, ಬೆವರು ಎಲ್ಲವನ್ನೂ ಅಳೆಯುತ್ತಿದ್ದರು. ಹುಬ್ಬು ಗಂಟಿಕ್ಕಿದ್ದು, ತುಟಿ ಸೊಟ್ಟಗಾದದ್ದು ಕ್ಯಾಮೆರಾದಲ್ಲಿ ದಾಖಲಾಗುತ್ತಿತ್ತು. ಮನೆಯಲ್ಲಿ ಸದಾ ಯಾವ ವಿಷಯಕ್ಕೆ ಕಿತ್ತಾಡುತ್ತೀರೋ ಅದನ್ನೇ ಎತ್ತಿಕೊಳ್ಳಿ ಎಂದು ಹೇಳಿ ಅವರನ್ನು ಕೂರಿಸುತ್ತಿದ್ದರು. ದುಡ್ಡು, ಅತ್ತೆ ಮಾವ, ಮಕ್ಕಳು, ಮನೆಗೆಲಸ. ಊರು ಯಾವುದಾದರೇನು, ವಿಷಯಗಳು ಅವೇ.

ಒಂದು ಪ್ರಯೋಗದಲ್ಲಿ ಜಗಳ ಶುರುವಾಗಿ ಕಾಲು ಗಂಟೆ ಕಳೆದ ಮೇಲೆ ಅವರು ಅದನ್ನು ಅಲ್ಲಿಗೇ ತಡೆದರು. ಯಂತ್ರ ಸ್ವಲ್ಪ ಸರಿಮಾಡಬೇಕಿದೆ, ಅಲ್ಲಿಯವರೆಗೆ ಆ ವಿಷಯ ಮಾತಾಡಬೇಡಿ, ಸುಮ್ಮನೆ ಈ ಪತ್ರಿಕೆಗಳನ್ನು ಓದುತ್ತಿರಿ ಎಂದರು. ಅರ್ಧ ಗಂಟೆಯ ನಂತರ ಮುಂದುವರಿಸಿ ಎಂದಾಗ ಅದೇ ಜೋಡಿಗಳ ಎದೆಬಡಿತ ಗಣನೀಯವಾಗಿ ಇಳಿದಿತ್ತು, ಮಾತಿನ ವರಸೆಯೂ ಬದಲಾಗಿತ್ತು. ಆ ಅರ್ಧ ಗಂಟೆಯಲ್ಲಿ ಯಾರೂ ಅವರಿಗೆ ಬುದ್ಧಿವಾದ ಹೇಳಿರಲಿಲ್ಲ, ಸಮಸ್ಯೆಯನ್ನು ಬಿಡಿಸಿಕೊಟ್ಟಿರಲಿಲ್ಲ. ಮೈ ತಣ್ಣಗಾಗಿತ್ತು, ಅಷ್ಟೆ.

ಮೈಂಡ್‌ಫುಲ್‌ನೆಸ್ ಎಂಬ ಹೆಸರು ಈಗ ಎಲ್ಲೆಡೆ ಕೇಳಿಬರುತ್ತಿದೆ. ಅದಕ್ಕೆ ಆ್ಯಪ್‌ಗಳಿವೆ, ಕಂಪನಿಗಳಲ್ಲಿ ತರಬೇತಿ ಇದೆ, ವಾರಾಂತ್ಯದ ಶಿಬಿರಗಳಿವೆ. ಕಣ್ಣು ಮುಚ್ಚಿ ಕೂತಾಗ ಸಿಗುವ ನೆಮ್ಮದಿಯ ವಿಚಾರ ಸಾಕಷ್ಟು ಚರ್ಚೆಯಾಗುತ್ತದೆ. ಆದರೆ ನಮ್ಮ ಮನಸ್ಸು ಗಟ್ಟಿಯಾಗಿದೆಯೋ ಇಲ್ಲವೋ ಎಂಬುದು ಗೊತ್ತಾಗುವುದು ಕಣ್ಣು ತೆರೆದಿರುವಾಗ, ಮನೆಯವರ ಎದುರಿನಲ್ಲಿ, ಅದೂ ಮಾತು ಬಿಸಿಯೇರಿದ ಹೊತ್ತಿನಲ್ಲಿ. ಅಲ್ಲಿ ಉಪಯೋಗಕ್ಕೆ ಬರದ ಧ್ಯಾನದಿಂದ ಸಂಸಾರಕ್ಕೆ ಏನು ಪ್ರಯೋಜನ? ಅದಕ್ಕೇ ನನಗೆ ಈ ವಿಷಯವನ್ನು ಜಗಳದಿಂದಲೇ ಶುರುಮಾಡಬೇಕು ಅನಿಸುತ್ತದೆ. ನಡುವೆ ನಿಲ್ಲಿಸುವುದು ಹೇಗೆ, ನಿಲ್ಲಿಸಿದ ಮೇಲೆ ಏನು ಮಾಡುವುದು, ತಿರುಗಿ ಬಂದು ಏನು ಹೇಳುವುದು.

ಒಂದು ಮನೆ ಎಂದುಕೊಳ್ಳೋಣ, ದಾವಣಗೆರೆಯದೋ ಹಾಸನದ್ದೋ. ರಾತ್ರಿ ಎಂಟೂವರೆ. ಗಂಡ ಆಗಷ್ಟೇ ಬಂದು ಹೆಲ್ಮೆಟ್ ಕೆಳಗಿಟ್ಟಿದ್ದಾನೆ. ಹೆಂಡತಿಯೂ ಕೆಲಸ ಮುಗಿಸಿ ಬಂದವಳೇ. ಒಲೆಯ ಮೇಲೆ ಸಾರು ಕುದಿಯುತ್ತಿದೆ, ಮಗನ ಹೋಂವರ್ಕ್ ಅರ್ಧಕ್ಕೆ ನಿಂತಿದೆ.

“ರೀ, ಗ್ಯಾಸ್ ಬುಕ್ ಮಾಡಿದ್ರಾ?”

“ಬಂದು ಉಸಿರು ಬಿಡೋಕೂ ಬಿಡಲ್ವಲ್ಲ ನೀನು.”

“ಬೆಳಿಗ್ಗೆ ಎರಡು ಸಲ ಹೇಳಿದ್ದೆ. ನಾನು ಹೇಳಿದ್ದು ಯಾವತ್ತು ನಿಮ್ಮ ಕಿವಿಗೆ ಬಿದ್ದಿದೆ?”

“ನೀನೇ ಮಾಡ್ಬಹುದಿತ್ತಲ್ಲ. ಫೋನ್ ಇಲ್ವಾ ನಿನ್ನ ಹತ್ರ?”

“ಅತ್ತೆ ಹೇಳಿದ್ರೆ ಮಾತ್ರ ಆ ಕ್ಷಣಕ್ಕೇ ಆಗತ್ತೆ. ನಾನು ಹೇಳಿದ್ರೆ ಫೋನ್ ಇಲ್ವಾ!”

ಗಂಡ ಟೀವಿ ಹಾಕಿಕೊಂಡು ಕೂರುತ್ತಾನೆ. ಆಮೇಲೆ ಏನು ಕೇಳಿದರೂ ಉತ್ತರವಿಲ್ಲ.

ಐದೇ ಮಾತು. ಅಷ್ಟರಲ್ಲಿ ಸಿಲಿಂಡರ್ ಮರೆತುಹೋಗಿ ಅತ್ತೆ ಬಂದರು, ಮದುವೆಯಾದಾಗಿನಿಂದ ಕೂಡಿಟ್ಟ ಲೆಕ್ಕ ಬಂತು. ದಾಂಪತ್ಯವನ್ನು ಹಾಳುಮಾಡುವ ನಡವಳಿಕೆಗಳೆಂದು ಗಾಟ್‌ಮನ್ ನಾಲ್ಕನ್ನು ಗುರುತಿಸಿದ್ದಾರೆ. ಮಾಡದ ಕೆಲಸದ ಬದಲು ಮನುಷ್ಯನ ಗುಣವನ್ನೇ ದೂರುವುದು, ತಾತ್ಸಾರ, ತನ್ನದೇನೂ ತಪ್ಪಿಲ್ಲವೆಂದು ತಿರುಗೇಟು ಕೊಡುವುದು, ಕೊನೆಗೆ ಗೋಡೆಯಂತೆ ಕೂತುಬಿಡುವುದು. ಮೇಲಿನ ಐದು ಮಾತುಗಳಲ್ಲಿ ಮತ್ತು ಆ ಟೀವಿಯಲ್ಲಿ ನಾಲ್ಕೂ ಇವೆ. ಎಲ್ಲಕ್ಕಿಂತ ವಿಷ ತಾತ್ಸಾರ ಎನ್ನುತ್ತಾರೆ ಅವರು. ಗೋಡೆಯಾಗುವವರಲ್ಲಿ ಶೇ 85ರಷ್ಟು ಮಂದಿ ಗಂಡಸರೇ ಎಂಬುದು ಅವರ ಪ್ರಯೋಗಾಲಯದ ಲೆಕ್ಕ. ಯಾವ ಜೋಡಿ ಬೇರೆಯಾಗುತ್ತದೆ ಎಂದು ಶೇ 90ಕ್ಕಿಂತ ಹೆಚ್ಚು ನಿಖರವಾಗಿ ಹೇಳಬಲ್ಲೆವು ಎಂಬ ಅವರ ಹೇಳಿಕೆಯನ್ನು ಬೇರೆ ಸಂಶೋಧಕರು ಪ್ರಶ್ನಿಸಿದ್ದಾರೆ. ಫಲಿತಾಂಶ ಗೊತ್ತಾದ ಮೇಲೆ ಸೂತ್ರ ಹೊಂದಿಸುವುದು ಬೇರೆ, ಮುಂದಾಗುವುದನ್ನು ಹೇಳುವುದು ಬೇರೆ ಎಂಬುದು ಅವರ ತಕರಾರು. ನನಗೂ ಅದು ಸರಿ ಅನಿಸುತ್ತದೆ. ಆದರೆ ಜಗಳದ ಹೊತ್ತಿನಲ್ಲಿ ಮೈಯೊಳಗೆ ಏನಾಗುತ್ತದೆ ಎಂದು ಗಾಟ್‌ಮನ್ ಅಳೆದು ತೋರಿಸಿದ್ದರ ಬೆಲೆ ಇದರಿಂದ ಕಡಿಮೆಯಾಗುವುದಿಲ್ಲ.

ಸುಮ್ಮನೆ ಕೂತಿರುವಾಗ ನಿಮಿಷಕ್ಕೆ ಎಪ್ಪತ್ತು, ಎಂಬತ್ತು ಸಲ ಬಡಿದುಕೊಳ್ಳುವ ಎದೆ ಜಗಳದಲ್ಲಿ 100 ದಾಟುತ್ತದೆ. ಅಡ್ರಿನಲಿನ್ ರಕ್ತಕ್ಕೆ ಇಳಿಯುತ್ತದೆ. ಕುತ್ತಿಗೆ ಬಿಗಿಯಾಗುತ್ತದೆ, ಕಿವಿ ಬಿಸಿಯಾಗುತ್ತದೆ, ಉಸಿರು ಎದೆಯ ಮೇಲ್ಭಾಗದಲ್ಲೇ ನಿಲ್ಲುತ್ತದೆ. ಬೀದಿಯಲ್ಲಿ ನಾಯಿ ಅಟ್ಟಿಸಿಕೊಂಡು ಬಂದಾಗ ಕಾಪಾಡುವ ವ್ಯವಸ್ಥೆಯೇ ಇದು. ಆ ಹೊತ್ತಿನಲ್ಲಿ ದೇಹಕ್ಕೆ ಬೇಕಾಗಿರುವುದು ಓಡಲು ಇಲ್ಲವೇ ಹೊಡೆಯಲು ಶಕ್ತಿ. ಎದುರಿನವರ ಮಾತಿನ ಒಳಾರ್ಥ ತಿಳಿಯುವುದಾಗಲಿ, ತಮಾಷೆಯನ್ನು ತಮಾಷೆಯಾಗಿ ತೆಗೆದುಕೊಳ್ಳುವುದಾಗಲಿ, ಹೊಸ ದಾರಿ ಹುಡುಕುವುದಾಗಲಿ ಆಗ ಸಾಧ್ಯವಾಗುವುದಿಲ್ಲ. “ಎಷ್ಟು ಹೇಳಿದ್ರೂ ತಲೆಗೇ ಹೋಗಲ್ಲ” ಎಂದು ನಾವು ಬಯ್ಯುವುದು ಬಹುತೇಕ ಇಂಥ ಸ್ಥಿತಿಯಲ್ಲಿರುವವರನ್ನು. ನಿಜಕ್ಕೂ ಆಗ ತಲೆಗೆ ಹೋಗುವುದಿಲ್ಲ.

ಜಗಳದ ಬಿಸಿ ಮಾತಿಗೇ ಮುಗಿಯುವುದಿಲ್ಲ, ಗಾಯದವರೆಗೂ ಇಳಿಯುತ್ತದೆ ಎಂದು ತೋರಿಸಿದವರು ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಜಾನಿಸ್ ಕೀಕಾಲ್ಟ್ ಗ್ಲೇಸರ್ ಮತ್ತು ಅವರ ಪತಿ ರೊನಾಲ್ಡ್ ಗ್ಲೇಸರ್. 2005ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 42 ಜೋಡಿಗಳಿದ್ದವು. ಎಲ್ಲರ ಮುಂಗೈ ಮೇಲೆ ಸಣ್ಣ ಗುಳ್ಳೆಗಳನ್ನು ಎಬ್ಬಿಸಿ, ಗಾಯ ಎಷ್ಟು ದಿನಕ್ಕೆ ಮಾಯುತ್ತದೆ ಎಂದು ನೋಡಿದರು. ಒಂದು ಸಲ ಪರಸ್ಪರ ಒತ್ತಾಸೆಯಾಗಿ ಮಾತಾಡಿದ ಮೇಲೆ, ಇನ್ನೊಂದು ಸಲ ಭಿನ್ನಾಭಿಪ್ರಾಯದ ವಿಷಯ ಮಾತಾಡಿದ ಮೇಲೆ. ಜಗಳವಾಡಿದಾಗ ಗಾಯ ತಡವಾಗಿ ಮಾಯಿತು. ಕಹಿ ಹೆಚ್ಚಿದ್ದ ಜೋಡಿಗಳಲ್ಲಿ ಮಾಯುವ ವೇಗ ಉಳಿದವರದರ ಶೇ 60ರಷ್ಟೇ ಇತ್ತು. ಸಂಬಂಧ ಕೆಟ್ಟರೆ ಮೈ ಕೆಡುತ್ತದೆ ಎನ್ನುವುದು ನಮ್ಮ ಹಳಬರಿಗೆ ಗೊತ್ತಿದ್ದ ಸಂಗತಿ. ಚರ್ಮದ ಮೇಲೆ ಅಳತೆ ಹಾಕಿ ನೋಡಿದಾಗ ಮಾತ್ರ ಅದರ ತೂಕ ಬೇರೆಯೇ ಆಗುತ್ತದೆ.

ಸಿಟ್ಟು ಬಂದಾಗ ಹತ್ತರವರೆಗೆ ಎಣಿಸು ಎನ್ನುತ್ತಾರಲ್ಲ, ಅದರಿಂದ ಬಾಯಿಗೆ ಬಂದ ಮೊದಲ ಮಾತನ್ನು ತಡೆಯಬಹುದು. ಆದರೆ ರಕ್ತದಲ್ಲಿರುವ ಉದ್ರೇಕ ಹತ್ತು ಎಣಿಸುವಷ್ಟರಲ್ಲಿ ಇಳಿಯುವಂಥದ್ದಲ್ಲ. ಕನಿಷ್ಠ ಇಪ್ಪತ್ತು ನಿಮಿಷ ಬೇಕು ಎನ್ನುತ್ತಾರೆ ಗಾಟ್‌ಮನ್. ಆದ್ದರಿಂದ ಮೊದಲ ಕೆಲಸ, ಬಿಸಿಯೇರುತ್ತಿರುವುದನ್ನು ಗುರುತಿಸುವುದು. ಅನುಮಾನವಿದ್ದರೆ ಮಣಿಕಟ್ಟಿನ ಮೇಲೆ, ಹೆಬ್ಬೆರಳಿನ ಬುಡದ ಕಡೆ ಎರಡು ಬೆರಳಿಟ್ಟು ಮೂವತ್ತು ಸೆಕೆಂಡು ನಾಡಿ ಎಣಿಸಿ ಎರಡರಿಂದ ಗುಣಿಸಿ. ನೂರರ ಹತ್ತಿರವಿದ್ದರೆ ಮಾತು ಅಲ್ಲಿಗೆ ನಿಲ್ಲಬೇಕು.

ಇಲ್ಲಿ ನಮ್ಮ ಮನೆಗಳ ಒಂದು ರೂಢಿಯನ್ನು ನೆನೆಯಬೇಕು. ಜಗಳ ನಿಲ್ಲಿಸುವುದು ನಮಗೆ ಹೊಸದೇನಲ್ಲ. ನಾವು ಮಾತು ಬಿಡುತ್ತೇವೆ. ಗಂಡ ಹೆಂಡತಿ ವಾರಗಟ್ಟಲೆ ಮಾತು ಬಿಟ್ಟು, “ನಿಮ್ಮಪ್ಪಂಗೆ ಊಟಕ್ಕೆ ಬರೋಕೆ ಹೇಳು”, “ನಿಮ್ಮಮ್ಮಂಗೆ ಕೇಳು ದುಡ್ಡು ಬೇಕಾ ಅಂತ” ಎಂದು ಮಕ್ಕಳ ಮೂಲಕ ಸಂಸಾರ ನಡೆಸಿದ್ದನ್ನು ನೋಡದವರು ಯಾರು? ಅಣ್ಣ ತಮ್ಮಂದಿರು ಮಾತು ಬಿಟ್ಟು ಒಂದು ತಲೆಮಾರೇ ಕಳೆದ ಮನೆಗಳೂ ಇವೆ. ಮಾತು ಬಿಡುವುದು ಶಿಕ್ಷೆ. ಇದು ಯಾವಾಗ ಮುಗಿಯುತ್ತದೆ ಎಂದು ಎದುರಿನವರಿಗೆ ಗೊತ್ತಾಗದಿರುವುದೇ ಅದರ ಇರಿತ. ಬಿಡುವು ತೆಗೆದುಕೊಳ್ಳುವುದು ಇದಕ್ಕೆ ತದ್ವಿರುದ್ಧ. ಅದರಲ್ಲಿ ಹೊರಡುವವರು ಹೇಳಿ ಹೊರಡುತ್ತಾರೆ, ವಾಪಸ್ ಬರುವ ಹೊತ್ತನ್ನೂ ಹೇಳುತ್ತಾರೆ. “ಈಗ ನಂಗೆ ತಲೆ ಬಿಸಿಯಾಗಿದೆ. ಒಂದು ರೌಂಡ್ ನಡ್ಕೊಂಡು ಬರ್ತೀನಿ. ಒಂಬತ್ತೂವರೆಗೆ ಕೂತು ಮಾತಾಡೋಣ.” ಬಿಡುವು ಕೇಳಿದವರೇ ಹೊತ್ತಿಗೆ ಸರಿಯಾಗಿ ಬಂದು ಮಾತು ತೆಗೆಯಬೇಕು. ಹಾಗೆ ಬರದಿದ್ದರೆ ಎರಡನೇ ಸಲ ಆ ಮಾತನ್ನು ಮನೆಯಲ್ಲಿ ಯಾರೂ ನಂಬುವುದಿಲ್ಲ. ಇಡೀ ಉಪಾಯದಲ್ಲಿ ಅತಿ ಕಷ್ಟದ ಭಾಗ ಇದೇ ಎಂದು ನಾನು ತಿಳಿದಿದ್ದೇನೆ. ಮನೆ ಬಿಟ್ಟು ಹೊರಗೆ ಹೋಗುವುದು ಯಾರಿಗಾದರೂ ಬರುತ್ತದೆ, ಹೊತ್ತಿಗೆ ಸರಿಯಾಗಿ ಬಂದು ಎದುರು ಕೂರುವುದಕ್ಕೆ ಗುಂಡಿಗೆ ಬೇಕು.

ಸರಿ, ಆ ಇಪ್ಪತ್ತು ನಿಮಿಷದಲ್ಲಿ ಏನು ಮಾಡಬೇಕು? ನಮ್ಮಲ್ಲಿ ಆ ಹೊತ್ತನ್ನು ಕಳೆಯುವ ರೀತಿ ಗೊತ್ತೇ ಇದೆ. ಅಕ್ಕನಿಗೆ ಫೋನ್ ಮಾಡಿ, “ಕೇಳೇ, ಇವತ್ತು ಏನಂದ್ರು ಗೊತ್ತಾ” ಎಂದು ಮೊದಲಿನಿಂದ ಕೊನೆಯವರೆಗೆ ಹೇಳುವುದು. ಇಲ್ಲವೇ ಬೈಕಿನ ಮೇಲೆ ಕೂತು, ಆಗ ಹೊಳೆಯದ ಉತ್ತರಗಳನ್ನೆಲ್ಲ ಈಗ ಮನಸ್ಸಿನಲ್ಲೇ ಹೇಳಿಕೊಳ್ಳುವುದು. ಎದುರಿಗೆ ಯಾರೂ ಇರುವುದಿಲ್ಲ, ಆದರೂ ಎದೆ ಅದೇ ವೇಗದಲ್ಲಿ ಬಡಿಯುತ್ತಿರುತ್ತದೆ. ಆಡಿದ ಜಗಳಕ್ಕೂ ನೆನೆದ ಜಗಳಕ್ಕೂ ದೇಹ ವ್ಯತ್ಯಾಸ ಮಾಡುವುದಿಲ್ಲ. ಗಾಟ್‌ಮನ್ ಜೋಡಿಗಳಿಗೆ ಪತ್ರಿಕೆಗಳು ನೆರವಾದದ್ದು ಇದೇ ಕಾರಣಕ್ಕೆ. ಅವರ ಗಮನ ಬೇರೆಡೆ ಹೋಗಿತ್ತು. ಆದರೆ ಪ್ರತಿ ಸಲವೂ ಗಮನವನ್ನು ಬೇರೆಡೆ ತಿರುಗಿಸುವುದು ಆಗದ ಮಾತು. ನೋವು ಆಳವಾಗಿದ್ದರೆ ಪತ್ರಿಕೆಯ ಅಕ್ಷರ ಕಣ್ಣಿಗೆ ಕಾಣುವುದಿಲ್ಲ. ಮೈಂಡ್‌ಫುಲ್‌ನೆಸ್ ಕೆಲಸಕ್ಕೆ ಬರುವುದು ಇಲ್ಲಿ.

ಈ ವಿದ್ಯೆ ನಮ್ಮ ನೆಲದಲ್ಲೇ ಬುದ್ಧನ ಕಾಲದಲ್ಲಿ ರೂಪುಗೊಂಡದ್ದು. ಬರ್ಮಾದಲ್ಲಿ ಉಳಿದುಬಂದ ಇದನ್ನು, ಅಲ್ಲಿನ ಸರ್ಕಾರದಲ್ಲಿ ಮಹಾಲೇಖಪಾಲರಾಗಿದ್ದ ಉ ಬಾ ಖಿನ್ ಅವರಿಂದ ಎಸ್.ಎನ್. ಗೋಯೆಂಕಾ ಕಲಿತರು. ವ್ಯಾಪಾರಿಯಾಗಿದ್ದ ಗೋಯೆಂಕಾ ಉ ಬಾ ಖಿನ್ ಬಳಿ ಹೋದದ್ದು ವಾಸಿಯಾಗದ ಮೈಗ್ರೇನ್ ತಲೆನೋವಿನ ಕಾರಣಕ್ಕೆ. 1969ರಲ್ಲಿ ಗೋಯೆಂಕಾ ಭಾರತಕ್ಕೆ ಬಂದು ವಿಪಶ್ಯನ ಎಂಬ ಈ ಧ್ಯಾನವನ್ನು ಹೇಳಿಕೊಡತೊಡಗಿದರು. ಮಹಾರಾಷ್ಟ್ರದ ಇಗತ್‌ಪುರಿಯಲ್ಲಿ ಕೇಂದ್ರ ಬೆಳೆಯಿತು. ಅತ್ತ ಅಮೆರಿಕದಲ್ಲಿ ಜಾನ್ ಕಬಾಟ್ ಜಿನ್ 1979ರಲ್ಲಿ ಮೆಸಾಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಬೌದ್ಧ ಧ್ಯಾನದಿಂದ ಧಾರ್ಮಿಕ ಚೌಕಟ್ಟನ್ನು ಕಳಚಿ ಎಂಟು ವಾರಗಳ ತರಬೇತಿ ರೂಪಿಸಿದರು. ಅವರ ಬಳಿ ಬಂದವರಲ್ಲಿ ಬಹಳಷ್ಟು ಮಂದಿ ವೈದ್ಯರು ಇನ್ನೇನೂ ಮಾಡಲಾಗದು ಎಂದು ಕಳಿಸಿದ, ವರ್ಷಗಟ್ಟಲೆ ನೋವಿನಿಂದ ನರಳುತ್ತಿದ್ದ ರೋಗಿಗಳು. ಇಬ್ಬರ ವಿಷಯದಲ್ಲೂ ಬಾಗಿಲು ತೆರೆದದ್ದು ಮೈನೋವು ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. ನೋವನ್ನು ಓಡಿಸುವ ಮೊದಲು ಅದು ಎಲ್ಲಿದೆ, ಹೇಗಿದೆ ಎಂದು ನೋಡುವ ಅಭ್ಯಾಸ ಇದು. ಸಿಟ್ಟಿಗೂ ಅದನ್ನೇ ಮಾಡಬಹುದು.

ಮಾಳಿಗೆಯ ಮೇಲೋ ಹಿತ್ತಿಲಲ್ಲೋ ನಿಂತುಕೊಳ್ಳಿ. ಪಾದ ನೆಲಕ್ಕೆ ತಾಗಿರುವುದನ್ನು ಗಮನಿಸಿ. ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡಿ. ಉಸಿರು ಒಳಗೆ ಹೋಗುವಾಗ ಎದೆಬಡಿತ ತುಸು ಏರುತ್ತದೆ, ಹೊರಗೆ ಬರುವಾಗ ಇಳಿಯುತ್ತದೆ. ಆದ್ದರಿಂದ ನಿಶ್ವಾಸವನ್ನು ಉದ್ದ ಮಾಡಿದರೆ ಹೃದಯ ನಿಧಾನವಾಗುತ್ತದೆ. ಆಮೇಲೆ ಸಿಟ್ಟು ಮೈಯಲ್ಲಿ ಎಲ್ಲಿ ಕೂತಿದೆ ಎಂದು ಹುಡುಕಿ. ಕೆಲವರಿಗೆ ದವಡೆ, ಕೆಲವರಿಗೆ ಹೊಟ್ಟೆಯ ತಳ, ಕೆಲವರಿಗೆ ಬೆರಳು. “ಅವಳು ಹಾಗಂದಳು” ಎಂದು ಮನಸ್ಸು ಓಡಿದ ಕೂಡಲೇ ವಾಪಸ್ ದವಡೆಗೆ ಬನ್ನಿ. ಅದು ಮತ್ತೆ ಓಡುತ್ತದೆ, ಮತ್ತೆ ಕರೆತನ್ನಿ. ಓಡಿಹೋಯಿತಲ್ಲ ಎಂದು ಬೇಸರಪಡುವ ಅಗತ್ಯವಿಲ್ಲ, ಕರೆತರುವುದೇ ಇಲ್ಲಿ ಅಭ್ಯಾಸ. ದಿನವೂ ಬೆಳಿಗ್ಗೆ ಹತ್ತು ನಿಮಿಷ, ಯಾವ ಜಗಳವೂ ಇಲ್ಲದಾಗ ಇದನ್ನು ಮಾಡಿಟ್ಟುಕೊಂಡವರಿಗೆ ಜಗಳದ ರಾತ್ರಿ ಇದು ಕೈಗೆ ಸಿಗುತ್ತದೆ. ಈಜು ಕಲಿಯುವುದು ಹೊಳೆಗೆ ಬಿದ್ದ ಮೇಲಲ್ಲ.

ಮೈ ತುಸು ಇಳಿದ ಮೇಲೆ ಒಳಗಿರುವ ಭಾವನೆಗೆ ಹೆಸರು ಕೊಡಬೇಕು. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮ್ಯಾಥ್ಯೂ ಲೀಬರ್ಮನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಿಟ್ಟು, ಭಯ ತುಂಬಿದ ಮುಖಗಳನ್ನು ತೋರಿಸಿ ಮಿದುಳನ್ನು ಸ್ಕ್ಯಾನ್ ಮಾಡಲಾಯಿತು. ಮುಖದಲ್ಲಿರುವ ಭಾವನೆಯ ಹೆಸರನ್ನು ಗುರುತಿಸಿದಾಗ, ಅಪಾಯದ ಗಂಟೆ ಬಾರಿಸುವ ಅಮಿಗ್ಡಲಾ ಎಂಬ ಭಾಗದ ಚಟುವಟಿಕೆ ತಗ್ಗಿತು, ಹಣೆಯ ಹಿಂದಿರುವ ವಿವೇಚನೆಯ ಭಾಗ ಚುರುಕಾಯಿತು. ಅದೇ ಮುಖಕ್ಕೆ ಗಂಡಸಿನದೋ ಹೆಂಗಸಿನದೋ ಒಂದು ಹೆಸರನ್ನು ಹೊಂದಿಸಿದಾಗ ಹಾಗಾಗಲಿಲ್ಲ. ನಮ್ಮಲ್ಲಿ ಬಹಳಷ್ಟು ಗಂಡಸರು ಒಳಗಿನದೆಲ್ಲಕ್ಕೂ “ಟೆನ್ಷನ್” ಎಂದುಬಿಡುತ್ತಾರೆ. ಸಾಲದ ಹೆದರಿಕೆಯೂ ಟೆನ್ಷನ್, ಅವಮಾನವೂ ಟೆನ್ಷನ್, ಅಪ್ಪನ ಕಾಯಿಲೆಯ ದುಃಖವೂ ಟೆನ್ಷನ್. ಸ್ವಲ್ಪ ತಾಳ್ಮೆಯಿಂದ ನೋಡಿದರೆ ಸಿಟ್ಟಿನ ಅಡಿಯಲ್ಲಿ ಬೇರೇನೋ ಇರುತ್ತದೆ. ನಾವು ಕಲ್ಪಿಸಿಕೊಂಡ ಮನೆಯ ಗಂಡ ಮಾಳಿಗೆಯ ಮೇಲೆ ನಿಂತು ನೋಡಿಕೊಂಡರೆ, ಮಧ್ಯಾಹ್ನ ಆಫೀಸಿನಲ್ಲಿ ಕಿರಿಯರ ಎದುರು ಬೈಸಿಕೊಂಡ ನಾಚಿಕೆ ಇನ್ನೂ ಇಳಿದಿಲ್ಲ ಎಂದು ತಿಳಿದೀತು. ಹೆಂಡತಿ ಒಲೆ ಆರಿಸಿ ಕೂತು ನೋಡಿಕೊಂಡರೆ, ಗ್ಯಾಸಿಗಿಂತ ಹೆಚ್ಚಾಗಿ ತನ್ನ ಮಾತಿಗೆ ಈ ಮನೆಯಲ್ಲಿ ಲೆಕ್ಕವಿಲ್ಲ ಎಂಬ ಸಂಕಟ ಸಿಕ್ಕೀತು.

ಹಾಗೆ ಸಿಕ್ಕಿದ್ದನ್ನು ಒಂಬತ್ತೂವರೆಗೆ ಹೇಳಬೇಕು. “ಮರೆತೆ, ತಪ್ಪಾಯ್ತು. ಇವತ್ತು ಆಫೀಸಲ್ಲಿ ಎಲ್ಲರ ಮುಂದೆ ಬೈಸ್ಕೊಂಡೆ, ಆ ಉರಿ ನಿನ್ನ ಮೇಲೆ ಹಾಕಿದೆ.” “ನಂಗೆ ಗ್ಯಾಸಿನದು ಅಷ್ಟಿಲ್ಲ ರೀ. ಹೇಳಿದ್ದನ್ನ ನೀವು ಕೇಳಿಸ್ಕೊಳ್ಳೇ ಇಲ್ಲ ಅನ್ಸಿದ್ರೆ ನಂಗೆ ತಡ್ಕೊಳ್ಳೋಕಾಗಲ್ಲ.” ಇಷ್ಟಕ್ಕೇ ಎಲ್ಲ ಸರಿಹೋಗುತ್ತದೆ ಎಂದಲ್ಲ. ಗಂಡ ಹೆಂಡಿರ ಭಿನ್ನಾಭಿಪ್ರಾಯಗಳಲ್ಲಿ ಸುಮಾರು ಶೇ 69ರಷ್ಟು ಎಂದಿಗೂ ಬಗೆಹರಿಯದಂಥವು ಎಂಬುದು ಗಾಟ್‌ಮನ್ ಅವರದೇ ಲೆಕ್ಕ. ಒಬ್ಬರದು ಧಾರಾಳ ಕೈ, ಇನ್ನೊಬ್ಬರದು ಬಿಗಿ ಕೈ. ಒಬ್ಬರಿಗೆ ಮನೆ ತುಂಬ ಜನ ಬೇಕು, ಇನ್ನೊಬ್ಬರಿಗೆ ಏಕಾಂತ ಬೇಕು. ಅವುಗಳ ಜೊತೆಗೇ ಬದುಕಬೇಕು. ಹೇಗೆ ಬದುಕುತ್ತಾರೆ ಎಂಬುದಕ್ಕೆ ಅವರು ನವದಂಪತಿಗಳ ದಿನನಿತ್ಯದ ಸಣ್ಣ ಮಾತುಗಳನ್ನು ಗಮನಿಸಿದರು. “ನೋಡು, ಆ ಹಕ್ಕಿ ಎಷ್ಟು ಚೆನ್ನಾಗಿದೆ” ಎಂದಾಗ ಎದುರಿನವರು ತಲೆಯೆತ್ತುತ್ತಾರೋ ಇಲ್ಲವೋ. ಆರು ವರ್ಷದ ನಂತರವೂ ಜೊತೆಗಿದ್ದವರು ಇಂಥ ಕರೆಗಳಿಗೆ ಶೇ 86ರಷ್ಟು ಸಲ ಓಗೊಟ್ಟಿದ್ದರು. ಬೇರೆಯಾದವರು ಓಗೊಟ್ಟಿದ್ದು ಶೇ 33ರಷ್ಟು ಸಲ ಮಾತ್ರ. ಮೊಬೈಲಿನಿಂದ ಕಣ್ಣೆತ್ತದೆ “ಹೂಂ” ಎನ್ನುವ ನಮ್ಮ ಸಂಜೆಗಳನ್ನು ಈ ಎರಡು ಅಂಕಿಗಳ ಪಕ್ಕದಲ್ಲಿಟ್ಟು ನೋಡಬೇಕು.

ಜೋಡಿಯಾಗಿ ಮೈಂಡ್‌ಫುಲ್‌ನೆಸ್ ಕಲಿತರೆ ಏನಾಗುತ್ತದೆ ಎಂದು ನಾರ್ತ್ ಕ್ಯಾರೊಲೈನಾದಲ್ಲಿ ಜೇಮ್ಸ್ ಕಾರ್ಸನ್ ಮತ್ತು ಸಂಗಡಿಗರು 44 ಜೋಡಿಗಳ ಮೇಲೆ ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದರು. ತೃಪ್ತಿ, ಆಪ್ತತೆ ಹೆಚ್ಚಿದವು. ಹೆಚ್ಚು ಅಭ್ಯಾಸ ಮಾಡಿದ ದಿನಗಳಲ್ಲಿ ಸಂಬಂಧ ಹೆಚ್ಚು ಹಗುರವಾಗಿತ್ತು. ಆದರೆ ಅವರೆಲ್ಲ ಮೊದಲೇ ಚೆನ್ನಾಗಿದ್ದ ಜೋಡಿಗಳು ಎಂಬುದನ್ನು ಮರೆಯಬಾರದು. ಖಿನ್ನತೆಯ ವಿಷಯದಲ್ಲಿ ಪುರಾವೆ ಇನ್ನೂ ಗಟ್ಟಿ. ಟೀಸ್‌ಡೇಲ್, ಸೀಗಲ್, ವಿಲಿಯಮ್ಸ್ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂರು ಅಥವಾ ಹೆಚ್ಚು ಸಲ ಖಿನ್ನತೆಗೆ ಒಳಗಾಗಿದ್ದವರಲ್ಲಿ ಅದು ಮರುಕಳಿಸುವ ಪ್ರಮಾಣ ಶೇ 66ರಿಂದ ಶೇ 37ಕ್ಕೆ ಇಳಿಯಿತು. ಹಾಗೆಂದು ಇದು ಎಲ್ಲರಿಗೂ ಎಲ್ಲ ಕಾಲಕ್ಕೂ ಅಲ್ಲ. ಬ್ರಿಟನ್ನಿನ ಶಾಲೆಗಳಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮಾಮೂಲಿ ಪಾಠಕ್ಕಿಂತ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ತೀವ್ರ ಮಾನಸಿಕ ಕಾಯಿಲೆ ಇರುವವರು, ದೊಡ್ಡ ಆಘಾತ ಅನುಭವಿಸಿದವರು ವೈದ್ಯರನ್ನು ಕೇಳದೆ ದಿನಗಟ್ಟಲೆಯ ಮೌನ ಶಿಬಿರಕ್ಕೆ ಹೋಗಬಾರದು.

ಇನ್ನೊಂದು ಎಚ್ಚರಿಕೆಯನ್ನು ನಾನು ಗಟ್ಟಿಯಾಗಿಯೇ ಹೇಳಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ (2019–21) ಕರ್ನಾಟಕದ 18ರಿಂದ 49 ವರ್ಷದ ವಿವಾಹಿತ ಮಹಿಳೆಯರಲ್ಲಿ ಶೇ 44.4ರಷ್ಟು ಮಂದಿ ಗಂಡನಿಂದ ದೌರ್ಜನ್ಯ ಅನುಭವಿಸಿದ್ದಾಗಿ ಹೇಳಿದರು. ದೇಶದಲ್ಲೇ ಅತಿ ಹೆಚ್ಚು. ಇಂಥ ನಾಡಿನಲ್ಲಿ ಹೆಣ್ಣಿಗೆ “ಉಸಿರು ಎಳೆದುಕೋ, ಸಾವಧಾನದಿಂದಿರು” ಎಂದು ಹೇಳುವುದು, “ಅನುಸರಿಸಿಕೊಂಡು ಹೋಗು” ಎಂಬ ಹಳೆಯ ಉಪದೇಶಕ್ಕೆ ಹೊಸ ಬಟ್ಟೆ ತೊಡಿಸಿದಂತಾಗಬಾರದು. ಮೇಲೆ ಹೇಳಿದ್ದೆಲ್ಲ ಸಮಾನರ ನಡುವಿನ ಜಗಳಕ್ಕೆ. ಕೈ ಎತ್ತುವವನ ಎದುರು ಇಪ್ಪತ್ತು ನಿಮಿಷದ ಬಿಡುವು ಪರಿಹಾರವಲ್ಲ. ಅಲ್ಲಿ ಬೇಕಾಗಿರುವುದು ಸುರಕ್ಷತೆ, 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ, ಮಹಿಳಾ ಸಹಾಯವಾಣಿ 181. ತನ್ನ ಸಿಟ್ಟನ್ನು ಗಮನಿಸಿ ನೋಡಿದವರಿಗೆ ಕೆಲವು ಸಲ ಆ ಸಿಟ್ಟು ಸರಿಯಾಗಿಯೇ ಇದೆ, ಇಲ್ಲಿ ಅನ್ಯಾಯ ನಡೆಯುತ್ತಿದೆ ಎಂದೂ ತಿಳಿಯುತ್ತದೆ. ಆಗ ಆ ಅರಿವಿನ ಪ್ರಕಾರ ನಡೆದುಕೊಳ್ಳಬೇಕು.

ನಿದ್ದೆ, ಊಟ ಕೆಟ್ಟು ವಾರಗಳಾದರೆ, ಬದುಕು ಬೇಡ ಅನಿಸಿದರೆ ಕಾಯುವುದು ಬೇಡ. 2022ರ ಅಕ್ಟೋಬರಿನಿಂದ ನಡೆಯುತ್ತಿರುವ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಮನಸ್ಸಿನ ಕಾಯಿಲೆಯ ಬಗ್ಗೆ ಕನ್ನಡದಲ್ಲಿ ಮಾತಾಡುವುದು ಹೊಸದಲ್ಲ. ‘ಕೊರವಂಜಿ’ ಪತ್ರಿಕೆಯ ರಾಶಿ ಎಂದೇ ಪ್ರಸಿದ್ಧರಾದ ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು. ನಿಮ್ಹಾನ್ಸ್‌ನ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಈ ವಿಷಯದಲ್ಲಿ ಸರಳ ಕನ್ನಡದ ಪುಸ್ತಕಗಳನ್ನು ಸಾಲುಸಾಲಾಗಿ ಬರೆದಿದ್ದಾರೆ. ಮುಜುಗರಕ್ಕೆ ಕಾರಣವಿಲ್ಲ.

ಹೋಂವರ್ಕ್ ಮುಂದಿಟ್ಟುಕೊಂಡು ಕೂತಿದ್ದ ಮಗನ ವಿಷಯ ಬಾಕಿ ಇದೆ. ಅಪ್ಪ ಅಮ್ಮನ ಜಗಳವನ್ನು ಮಕ್ಕಳು ಹೇಗೆ ತೆಗೆದುಕೊಳ್ಳುತ್ತಾರೆ ಎಂದು ಅಮೆರಿಕದ ಮಾರ್ಕ್ ಕಮಿಂಗ್ಸ್ ದಶಕಗಳ ಕಾಲ ಅಧ್ಯಯನ ಮಾಡಿದ್ದಾರೆ. ಜಗಳವನ್ನು ಮಾತ್ರ ನೋಡಿ, ಅದು ಬಗೆಹರಿದದ್ದನ್ನು ನೋಡದ ಮಕ್ಕಳು ಹೆಚ್ಚು ಕಂಗೆಡುತ್ತಾರೆ. ಮಾತು ಬಿಟ್ಟ ಮನೆಯ ಮೌನವೂ ಅವರಿಗೆ ಜಗಳದಷ್ಟೇ ಕಾಡುತ್ತದೆ. ರಾಜಿಯಾದದ್ದನ್ನು ಕಣ್ಣಾರೆ ಕಂಡರೆ ಅವರ ಕಳವಳ ಬಹಳಷ್ಟು ಇಳಿಯುತ್ತದೆ. ರಾಜಿ ಕೋಣೆಯ ಬಾಗಿಲ ಹಿಂದೆ ಆಗಿದ್ದರೂ ಆಮೇಲೆ ಹೇಳಿದರೆ ಪ್ರಯೋಜನವಿದೆ. ಬಹಳ ಮಕ್ಕಳು ಜಗಳಕ್ಕೆ ತಾವೇ ಕಾರಣ ಎಂದು ಒಳಗೊಳಗೇ ನಂಬಿಕೊಂಡಿರುತ್ತಾರೆ. ಆದ್ದರಿಂದ ಬೆಳಿಗ್ಗೆ ಶಾಲೆಯ ವ್ಯಾನ್ ಬರುವ ಮುನ್ನ, ಶೂ ಹಾಕಿಕೊಳ್ಳುತ್ತಿರುವ ಮಗನ ಪಕ್ಕ ಕೂತು ಹೇಳಬೇಕು: “ರಾತ್ರಿ ನಾನೂ ಅಮ್ಮನೂ ಜೋರಾಗಿ ಮಾತಾಡಿದ್ವಲ್ಲ, ಆಮೇಲೆ ಕೂತು ಸರಿ ಮಾಡ್ಕೊಂಡ್ವಿ. ನೀನೇನೂ ಮಾಡಿರ್ಲಿಲ್ಲ ಕಣೋ.” ಇದನ್ನು ಹೇಳಲು ಅಪ್ಪನೇ ಮುಂದಾಗಬೇಕು. ಬಹುಪಾಲು ಮನೆಗಳಲ್ಲಿ ಈ ಕೆಲಸವೂ ಅಮ್ಮನ ಪಾಲಿಗೇ ಬಿದ್ದಿದೆ.